ಬಿಗಿ ಇದ್ದರೆ ಚಲೋ ಮಾಲೇ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಅಂಗಡಿಗಳಲ್ಲಿ ಕಾರಿನ ಟೈ ರಾಡ್ ಎಂಡ್ ಆರಿಸುವ ಬಹುಪಾಲು ಜನ ನಂಬಿರುವುದು ಒಂದೇ ಪರೀಕ್ಷೆಯನ್ನು. ಡಬ್ಬಿ ಬಿಚ್ಚಿ, ಬಾಲ್ ಜಾಯಿಂಟಿನ ಪಿನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ‘ಬಿಗಿ ಐತಿ, ಚಲೋ ಮಾಲು’ ಎಂದರೆ ವ್ಯಾಪಾರ ಮುಗಿಯಿತು; ಸಲೀಸಾಗಿ ಹೊರಳಿದರೆ ಅದು ‘ಡೂಪ್ಲಿಕೇಟ್’. ನುರಿತ ಕೈಯ ತೀರ್ಪೆಂದು ಇದಕ್ಕೆ ಸಿಕ್ಕಿರುವ ಗೌರವ ಅತಿಯಾಯಿತು.

ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಈ ಗೆಣ್ಣು ಕಳಚಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಒತ್ತಿ ನೋಡುವ ಕ್ರಿಯೆಯನ್ನೇ ಬಿಡಿಸಿ ನೋಡೋಣ. ತಿಂಗಳುಗಟ್ಟಲೆ ಡಬ್ಬಿಯಲ್ಲಿ ಕೂತ ಜಾಯಿಂಟ್ ಮೊದಲ ಸಲ ಹೊರಳುವಾಗ ಬಿಗಿಯಾಗಿಯೇ ಇರುತ್ತದೆ. ಒಳಗಿನ ಗುಂಡು ಪ್ಲಾಸ್ಟಿಕ್ ಬಟ್ಟಲಿಗೆ ಕಚ್ಚಿಕೊಂಡಿರುತ್ತದೆ. ಟೊಯೋಟಾದ ಸರ್ವಿಸ್ ಕೈಪಿಡಿಗಳು ಪಿನ್ನನ್ನು 5 ಸಲ ಹಿಂದೆ ಮುಂದೆ ಆಡಿಸಿ, ಆಮೇಲೆ ನಟ್ ಹಾಕಿ ನಿಧಾನವಾಗಿ ತಿರುಗಿಸುತ್ತ 5ನೇ ಸುತ್ತಿನಲ್ಲಿ ಟಾರ್ಕ್ ನೋಡಬೇಕೆನ್ನುವುದು ಇದೇ ಕಾರಣಕ್ಕೆ. ನಮ್ಮ ಹೆಬ್ಬೆರಳು ಅಳೆಯುವುದು ಆ ಮೊದಲ ಕಚ್ಚನ್ನು ಮಾತ್ರ.

ಆ ಬಿಗಿ ಎಲ್ಲಿಂದ ಬಂತೆಂಬುದೂ ಕೈಗೆ ತಿಳಿಯದು. ನುಣುಪಾದ ಗುಂಡು ಅಳತೆಗೆ ಸರಿಯಾದ ಬಟ್ಟಲಲ್ಲಿ ಕೂತರೂ ಬಿಗಿ ಬರುತ್ತದೆ. ಒರಟು ಗುಂಡಿನ ಮೇಲೆ ಮುಚ್ಚಳ ಅದುಮಿ, ಗ್ರೀಸಿನಲ್ಲಿ ಜಿಪುಣತನ ಮಾಡಿದರೂ ಬರುತ್ತದೆ. ಸೀರೆಯ ಗಂಜಿ ನೋಡಿ ನೂಲಿಗೆ ಬೆಲೆ ಕಟ್ಟುವುದನ್ನು ಬನಹಟ್ಟಿಯ ನೇಕಾರರು ಒಪ್ಪುವುದಿಲ್ಲ. ಇಲ್ಲೂ ಒಪ್ಪಬಾರದು. ಅತಿ ಬಿಗಿ ಜಾಯಿಂಟ್ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದನ್ನೂ ತಡೆಯುತ್ತದೆ. ಹೊಸದರಲ್ಲೇ ಲಟಲಟ ಅನ್ನುವ ಮಾಲನ್ನು ಹೆಬ್ಬೆರಳು ಹಿಡಿಯುತ್ತದೆ, ನಿಜ. ಅದಕ್ಕಿಂತ ಹೆಚ್ಚಿನದು ಅದರಿಂದಾಗದು.

ನೋಡಬೇಕಾದದ್ದು ಜಾಯಿಂಟನ್ನು ಮುಚ್ಚುವ, ಯಾರೂ ಗಮನಿಸದ ರಬ್ಬರ್ ಬೂಟನ್ನು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳು ಹೊಲದ ಎರೆಮಣ್ಣನ್ನು ರಸ್ತೆಗೆ ತರುವ ಸೀಮೆ ಇದು. ಬೂಟ್ ಬಿರಿದರೆ ನೀರು, ಧೂಳು ಒಳಸೇರಿ ಗ್ರೀಸೇ ಅರೆಯುವ ಮಸಾಲೆಯಾಗುತ್ತದೆ. ಬೂಟಿನ ಮಡಿಕೆಯನ್ನು ಚಿವುಟಿ ಬಾಗಿಸಿ: ಬಿರುಕು ಕಾಣಬಾರದು. ಬುಡದ ಉಂಗುರ ಸುತ್ತಲೂ ಹಿಡಿದಿರಬೇಕು. ಫಿಟ್ ಮಾಡುವ ಮುನ್ನ ಪಿನ್ನಿನ ಟೇಪರ್‌ಗೆ ತೆಳ್ಳಗೆ ಮಾರ್ಕಿಂಗ್ ಬ್ಲೂ ಎಂಬ ನೀಲಿ ಬಣ್ಣ ಬಳಿದು, ಚಕ್ರದ ಬದಿಯ ಸ್ಟೇರಿಂಗ್ ನಕಲ್‌ನ (knuckle) ತೂತಿಗೆ ಕೂರಿಸಿ ತೆಗೆಯಿರಿ. ತೂತಿನೊಳಗೆ ಬಣ್ಣ ಸುತ್ತಲೂ ಸಮನಾಗಿ ಅಂಟಿರಬೇಕು. ಒಂದೇ ಅಂಚಿಗೆ ಅಂಟಿದರೆ ಆ ಪಿನ್ನು ಒಳಗೇ ಅಲುಗಿ, ದಣಿದು, ಒಂದು ದಿನ ಮುರಿಯುತ್ತದೆ.

‘ಶೋರೂಮ್ ಡಬ್ಬಿ ಬಿಟ್ಟು ಬೇರೆ ಮುಟ್ಟಬ್ಯಾಡ್ರಿ’ ಎನ್ನುವವರೊಂದಿಗೂ ನನಗೆ ಜಗಳವಿದೆ. ಕಾರು ಕಂಪನಿಗಳು ಇಂಥ ಭಾಗಗಳನ್ನು ಬಹುಮಟ್ಟಿಗೆ ಹೊರಗಿನಿಂದ ಮಾಡಿಸಿಕೊಳ್ಳುತ್ತವೆ. ಚೆನ್ನೈ ಮೂಲದ ರಾಣೆ (ಮದ್ರಾಸ್) ವಾಹನ ತಯಾರಕರಿಗೂ ಸ್ಟೇರಿಂಗ್ ಭಾಗ ಒದಗಿಸುತ್ತದೆ, ತನ್ನ ಹೆಸರಿನಲ್ಲಿ ಬಜಾರಿಗೂ ಮಾರುತ್ತದೆ. ತನ್ನ ಹೆಸರು ಹಾಕಿ ಮಾರುವವನನ್ನೂ ಇನ್ನೊಬ್ಬರ ಹೆಸರು ಕದ್ದವನನ್ನೂ ಒಂದೇ ತಕ್ಕಡಿಯಲ್ಲಿಡುವುದು ಅನ್ಯಾಯ. ‘ನಮ್ಮ ರಸ್ತೆಗೆ ಯಾವ ಮಾಲೂ ಬಾಳಂಗಿಲ್ಲ’ ಎನ್ನುವ ಮೆಕ್ಯಾನಿಕ್‌ಗಳ ವಾದ ಇನ್ನೂ ಕೆಟ್ಟದ್ದು. ಎಂಡ್ ಬದಲಿಸಿ, ವ್ಹೀಲ್ ಅಲೈನ್‌ಮೆಂಟ್ ಮಾಡಿಸದೆ ಗಾಡಿ ಬಿಟ್ಟುಕೊಟ್ಟು, ಟೈರ್ ಸವೆದಾಗ ರಸ್ತೆಯನ್ನು ಬೈಯುವುದು ಕಸುಬಿಗೆ ಮಾಡುವ ದ್ರೋಹ.

ಉಕ್ಕನ್ನು ಎಷ್ಟು ಹದಗೊಳಿಸಿದ್ದಾರೆಂದು ಯಾವ ಕಣ್ಣಿಗೂ ಕಾಣದು. ಕಾಣದ್ದಕ್ಕೆ ಹೊಣೆ ಹೊರುವ ತಯಾರಕ ಬೇಕು. ತಯಾರಕರ ಹೆಸರು, ಪಾರ್ಟ್ ನಂಬರ್ ಬರೆದು ಬಿಲ್ ಕೊಡಲು ಹಿಂಜರಿಯುವ ಅಂಗಡಿಯಲ್ಲಿ ಸ್ಟೇರಿಂಗ್ ಸಾಮಾನು ಕೊಳ್ಳಲೇಬಾರದು.