ಆಲ್ಚಾತೋನ ಲಾಂಛನಗಳಲ್ಲಿ ಡಾಲ್ಫಿನ್

ಹದಿನಾರನೆಯ ಶತಮಾನದ ಯುರೋಪಿನಲ್ಲಿ ಅಚ್ಚಾದ ಲಾಂಛನಗ್ರಂಥಗಳನ್ನು ಕುರಿತು ಬರೆದವರಲ್ಲಿ ಹಲವರು ಅಲ್ಲಿಯ ಪ್ರಾಣಿಗಳಿಗೆ ಒಂದು ನಿಘಂಟನ್ನೇ ಸಿದ್ಧಪಡಿಸಲೆಳಸುವರು: ಸರ್ಪವೆಂದರೆ ವಿವೇಕ, ನಾಯಿಯೆಂದರೆ ನಿಷ್ಠೆ, ಇರುವೆಯೆಂದರೆ ಉದ್ಯೋಗಶೀಲತೆ. ಈ ಕ್ರಮವು ಸುಲಭವಾದುದೇನೋ ಅಹುದು. ಲಾಂಛನದ ಸ್ವರೂಪಕ್ಕೆ ಮಾತ್ರ ಹೊಂದತಕ್ಕದ್ದಲ್ಲ. ಸೂತ್ರಪ್ರಾಯವಾದ ತಲೆಬರಹ, ಚಿತ್ರ, ಪದ್ಯ ಈ ಮೂರೂ ಕೂಡಿದರೆ ಒಂದು ಲಾಂಛನ.

ಈ ಪ್ರಕಾರದ ಮೊದಲ ಗ್ರಂಥವು ಇಟಲಿಯ ನ್ಯಾಯಶಾಸ್ತ್ರಜ್ಞನಾದ ಆಂದ್ರೆಯಾ ಆಲ್ಚಾತೋನದು. ೧೫೩೧ರಲ್ಲಿ ಆಗ್ಸ್‌ಬರ್ಗಿನಲ್ಲಿ ಅಚ್ಚಾಯಿತು. ಅದರ ಒಂದು ಲಾಂಛನದಲ್ಲಿ ಡಾಲ್ಫಿನೊಂದು ಲಂಗರನ್ನು ಸುತ್ತಿಕೊಂಡಿದೆ. ಬಿರುಗಾಳಿಯಲ್ಲಿ ನಾವಿಕರು ಇಳಿಯಬಿಟ್ಟ ಲಂಗರು ತಳದಲ್ಲಿ ಭದ್ರವಾಗಿ ನಾಟಲೆಂದು ಮನುಷ್ಯಮಿತ್ರವಾದ ಈ ಪ್ರಾಣಿಯು ಅದನ್ನು ಅಪ್ಪುವುದೆಂದೂ, ಅರಸನು ಪ್ರಜೆಗಳಿಗೆ ಅಂತಹ ಲಂಗರಾಗಬೇಕೆಂದೂ ಪದ್ಯದ ತಾತ್ಪರ್ಯ.

ಆದರೆ ಈ ಚಿತ್ರವು ಅಂದಿನ ವಿದ್ವಾಂಸರಿಗೆ ಹೊಸದಲ್ಲ. ರೋಮಿನ ಚಕ್ರವರ್ತಿ ಟೈಟಸನ ನಾಣ್ಯದಲ್ಲಿದ್ದ ಈ ಗುರುತನ್ನು ವೆನಿಸಿನ ಮುದ್ರಕ ಆಲ್ಡಸ್ ಮನೂಟಿಯಸನು ೧೫೦೨ರಿಂದ ತನ್ನ ಮುದ್ರೆಯಾಗಿ ಬಳಸುತ್ತಿದ್ದನು. ೧೫೦೮ರಲ್ಲಿ ಆಲ್ಡಸನೇ ಅಚ್ಚುಮಾಡಿದ ನಾಣ್ಣುಡಿಗಳ ಸಂಗ್ರಹದಲ್ಲಿ ಎರಾಸ್ಮಸನು ಇದನ್ನು ವಿವರಿಸುತ್ತ, ಡಾಲ್ಫಿನ್ ವೇಗಕ್ಕೂ ಲಂಗರು ನಿಧಾನಕ್ಕೂ ಸಂಕೇತವೆಂದು ತಿಳಿದು, ತ್ವರೆಯಲ್ಲಿಯೂ ನಿಧಾನವಿರಬೇಕೆಂಬ ನೀತಿಯನ್ನು ಹೊರಡಿಸಿದನು. ಅಲ್ಲಿ ಪ್ರಾಣಿಗೂ ಲಂಗರಿಗೂ ವಿರೋಧ. ಆಲ್ಚಾತೋನಲ್ಲಿ ಅವೆರಡಕ್ಕೂ ಸಖ್ಯ. ಎರಾಸ್ಮಸನನ್ನು ಬಲ್ಲ ಓದುಗನಿಗೆ ಈ ಪದ್ಯದ ಸ್ವಾರಸ್ಯವಿರುವುದು ಈ ಪಲ್ಲಟದಲ್ಲಿಯೇ. ನಿಘಂಟನ್ನು ಹಿಡಿದು ಹೊರಟವನು ಅದನ್ನು ಕಾಣಲಾರನು. ೧೫೪೬ರಲ್ಲಿ ಆಲ್ಚಾತೋನ ಹೊಸ ಲಾಂಛನಗಳನ್ನು ಅಚ್ಚುಮಾಡಿದವರು ಆಲ್ಡಸನ ಮಕ್ಕಳೇ ಎಂಬುದೂ ಇಲ್ಲಿ ಸ್ಮರಣೀಯ.

ಆತನದೇ ಮತ್ತೊಂದು ಲಾಂಛನದಲ್ಲಿ ಡಾಲ್ಫಿನನ್ನು ಅದರ ಕಡಲೇ ದಡಕ್ಕೆಸೆದಿದೆ. ಸ್ವಜನರ ಕ್ರೌರ್ಯದಿಂದ ಅಳಿದವನಿಗೆ ಅದು ಪ್ರತೀಕ. ರಕ್ಷಿಸುವುದೂ ಅದೇ ಪ್ರಾಣಿ, ರಕ್ಷಣೆಯಿಲ್ಲದೆ ಸಾಯುವುದೂ ಅದೇ.

ಹಾಗೆಂದು ರೂಢಿಯ ಅರ್ಥವೇ ಇಲ್ಲವೆನ್ನಲಾಗದು. ತನ್ನ ರಕ್ತದಿಂದ ಮರಿಗಳನ್ನು ಬದುಕಿಸುವ ಪೆಲಿಕನ್ ಹಕ್ಕಿಯು, ಕನ್ನಡ ಕಾವ್ಯಗಳ ಚಕೋರದಂತೆ, ಕವಿಸಮಯವೇ ಸರಿ. ನ್ಯೂರೆಂಬರ್ಗಿನ ವೈದ್ಯ ಕಮೆರಾರಿಯಸನು ಚತುಷ್ಪಾದಿಗಳು (೧೫೯೫), ಪಕ್ಷಿಕೀಟಗಳು (೧೫೯೬), ಜಲಚರ ಸರೀಸೃಪಗಳು (೧೬೦೪, ಮರಣಾನಂತರ) ಎಂದು ತನ್ನ ಲಾಂಛನಗಳನ್ನು ವಿಂಗಡಿಸಿದುದು ನಿಘಂಟಿನ ಭ್ರಮೆಯನ್ನು ಬಲಪಡಿಸಿರಬಹುದು. ಆದರೆ ಆತನು ಪ್ರತಿಯೊಂದು ಚಿತ್ರಕ್ಕೂ ದ್ವಿಪದಿಗೂ ಎದುರಾಗಿ ಒಂದು ಪುಟದ ಗದ್ಯವ್ಯಾಖ್ಯಾನವನ್ನು ಒದಗಿಸಿದ್ದಾನೆ. ಪ್ರಾಣಿಯ ಹೆಸರೇ ಅರ್ಥವನ್ನು ಹೇಳಿಬಿಡುವಂತಿದ್ದರೆ ಈ ಶ್ರಮವೇತಕ್ಕೆ?