ಅಪ್ಪ ಕಟ್ಟುತ್ತಿದ್ದ ಗೋದಲಿ

ಕೊಡಗಿನ ಕ್ರೈಸ್ತ ಮನೆಯಲ್ಲಿ ಕ್ರಿಸ್ತಜನನದ ದೃಶ್ಯ ತೋರುವ ಗೋದಲಿಗೆ ಬೇಕಾದುದೆಲ್ಲ ಡಿಸೆಂಬರಿನಲ್ಲಿ ತೋಟ, ಗದ್ದೆಗಳಲ್ಲೇ ಸಿಗುತ್ತದೆ. ಹುತ್ತರಿ ಹಬ್ಬ ಕಳೆದು ಭತ್ತದ ಕೊಯ್ಲು ಸಾಗಿರುವಾಗ ಹೊಸ ಹುಲ್ಲಿಗೆ ಕೊರತೆಯಿಲ್ಲ. ನೆರಳುಮರಗಳ ಕಾಂಡದಲ್ಲಿ ದಟ್ಟ ಪಾಚಿ. ಅಪ್ಪ ಆ ಪಾಚಿಯನ್ನು ಹರಿಯದಂತೆ ಎಬ್ಬಿಸಿ ತಂದು ಬೆಟ್ಟ ಮಾಡುತ್ತಿದ್ದರು, ಬಿದಿರು ಸೀಳಿ ಕೊಟ್ಟಿಗೆ ಕಟ್ಟುತ್ತಿದ್ದರು, ಮೊದಲೇ ಬಿತ್ತಿದ ರಾಗಿಯ ಎಳೆಪೈರನ್ನು ಗದ್ದೆಯಾಗಿಸುತ್ತಿದ್ದರು. ಅರೇಬಿಕಾ ಕಾಫಿ ಹಣ್ಣು ಕೊಯ್ಯುವ ಬಿಡುವಿಲ್ಲದ ದಿನಗಳಲ್ಲೂ ಸಂಜೆ ಅವರ ಕೈ ನಮಗಾಗಿ ದುಡಿಯುತ್ತಿತ್ತು.

1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ ಹುಲ್ಲು, ಎತ್ತು, ಕತ್ತೆಗಳೊಂದಿಗೆ ಕ್ರಿಸ್ತಜನನವನ್ನು ಜನರ ಕಣ್ಣೆದುರು ತಂದರು. ಗೋದಲಿಯ ಆ ಪರಂಪರೆ ನಮ್ಮ ಬೆಟ್ಟಗಳಲ್ಲಿ ಬೇರೂರಲು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರರ ಔದಾರ್ಯವೂ ಕಾರಣ. ಟಿಪ್ಪುವಿನ ಸೆರೆಯಿಂದ ಪಾರಾದ ಕ್ರೈಸ್ತರಿಗೆ ಅವರು ಆಶ್ರಯ ಕೊಟ್ಟರು. 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಹುಟ್ಟಿತು.

ಕ್ರಿಸ್ಮಸ್ ರಾತ್ರಿಯವರೆಗೆ ಅಪ್ಪ ಬಾಲಯೇಸುವನ್ನು ಗೋದಲಿಯಲ್ಲಿ ಇಡುತ್ತಿರಲಿಲ್ಲ. ಆ ಖಾಲಿ ಜಾಗ ನಮಗೆ ಕಾಯುವುದನ್ನು ಕಲಿಸಿತು. ಸಂತ ಜೋಸೆಫರನ್ನು ನಿಲ್ಲಿಸುವಾಗ, ‘ಇವರು ಬಡಗಿ, ದುಡಿದು ಮಗನನ್ನು ಸಾಕಿದವರು’ ಎನ್ನುತ್ತಿದ್ದರು. ತಂದೆಯ ಪ್ರೀತಿ ದುಡಿಮೆಯಲ್ಲಿ ಕಾಣುತ್ತದೆಂದು ನಾನು ತಿಳಿದದ್ದು ಅಲ್ಲೇ. ಇಂದು ಸಿದ್ಧ ಗೋದಲಿಗಳು ಅಂಗಡಿಯಲ್ಲಿ ಸಿಗುತ್ತವೆ. ಆದರೂ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಟ್ಟಿದ ಗೋದಲಿಯೇ ನಂಬಿಕೆಯನ್ನು ಕೈಯಿಂದ ಕೈಗೆ ದಾಟಿಸುತ್ತದೆ.