ಎಲೆಯಂತೆ ಬಟ್ಟೆಯೂ ಬಾಗಬೇಕು

ಬಲಿಪೂಜೆ ಮುಗಿಸಿ ಬಂದು, "ಗುರುಗಳ ಹೊಸ ಉಡುಪು ಏನು ಮಿಂಚುತ್ತೆ!" ಎನ್ನುವವರ ಜೊತೆ ನನಗೆ ಮಾತು ಬೇಡ. ಯಂತ್ರ ಹೊಲಿದ ಗೋಧಿತೆನೆ, ಟೊಮೇಟೊ ಗಾತ್ರದ ದ್ರಾಕ್ಷಿ, ಮೇಲೊಂದು ಪಾರಿವಾಳ. ಇದಕ್ಕೆ ಪ್ರಕೃತಿಯ ಸ್ಫೂರ್ತಿ ಎಂಬ ಹೆಸರು ಬೇರೆ.

ಯಾವ ಕಾಲಕ್ಕೆ ಯಾವ ಬಣ್ಣ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಪೀಠದ ಬಳಿ ನಿಲ್ಲುವ ಯಾವ ಹುಡುಗನಾದರೂ ಹೇಳಿಯಾನು. ನೀವು ಕಲಿಯಬೇಕಾದದ್ದು ಬಟ್ಟೆ ಬೀಳುವ ರೀತಿಯನ್ನು ನೋಡುವುದು.

ನನ್ನ ಕಣ್ಣು ತೆರೆದದ್ದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ, ಬಟ್ಲರ್-ಬೌಡನ್ ಕೋಪ್ ಎಂಬ ಮೇಲಂಗಿಯ ಮುಂದೆ. 14ನೇ ಶತಮಾನದ ಇಂಗ್ಲಿಷ್ ಕಸೂತಿ ಅದು. ಯಾರೋ ಪುಣ್ಯಾತ್ಮರು ಕತ್ತರಿಸಿ ಬೇರೆ ಉಡುಪು ಹೊಲಿಸಿದ್ದರಂತೆ. ಆಮೇಲೆ ಮತ್ತೆ ಜೋಡಿಸಿದ್ದಾರೆ. ಕೆಂಪು ಮಖಮಲ್ಲಿನ ಮೇಲೆ ಮಾತೆ ಮರಿಯಳ ಬದುಕಿನ ಕಥೆಗಳು, ನಡುನಡುವೆ ಎಲೆ, ಕಾಯಿ ಬಿಟ್ಟ ಓಕ್ ಕೊಂಬೆಗಳು. ಉಳಿದವರು ಸಂತರ ಮುಖ ಹುಡುಕುತ್ತಿದ್ದರು. ನಾನು ಎಲೆಗಳಿಗೆ ಸಿಕ್ಕಿಬಿದ್ದೆ. ನಾನು ಪಕ್ಕಕ್ಕೆ ಸರಿದರೆ ಹೊಳಪೂ ಸರಿಯುತ್ತಿತ್ತು.

ಗುಟ್ಟಿರುವುದು ಬಟ್ಟೆಯ ಹಿಂಬದಿಯಲ್ಲಿ. ಆ ಕಾಲದ ಇಂಗ್ಲಿಷ್ ಕಸೂತಿಗಾರರು ಚಿನ್ನದ ಮುಲಾಮಿನ ಬೆಳ್ಳಿ ಎಳೆಯನ್ನು ಬಟ್ಟೆಯ ಮೇಲೆ ಹಾಸಿ, ಅಗಸೆ ನಾರಿನ ಗಟ್ಟಿ ದಾರವನ್ನು ಅಡಿಯಿಂದ ಮೇಲೆ ತಂದು ಎಳೆಗೆ ಸುತ್ತಿ, ಬಂದ ತೂತಿನಲ್ಲೇ ಹಿಂದಕ್ಕೆ ಜಗ್ಗುತ್ತಿದ್ದರು. ಜರಿಯ ಸಣ್ಣ ಕುಣಿಕೆಯೊಂದು ದಾರದ ಜೊತೆ ಹಿಂಬದಿಗೆ ಇಳಿಯುತ್ತದೆ. ಮೇಲ್ಗಡೆ ದಾರವೇ ಕಾಣದು. ಕುಣಿಕೆ ಇಳಿದಲ್ಲೆಲ್ಲ ಜರಿಗೊಂದು ಕೀಲು. ಹಾಗಾಗಿ ಇಷ್ಟೆಲ್ಲ ಲೋಹ ಹೊತ್ತ ಬಟ್ಟೆಯೂ ತೊಟ್ಟವರ ಮೈಗೆ ತಕ್ಕಂತೆ ಬಾಗುತ್ತದೆ, ಬಾಗಿದಂತೆಲ್ಲ ಬೆಳಕು ಅದರ ಮೇಲೆ ಹರಿದಾಡುತ್ತದೆ. 1246ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಇಂಗ್ಲಿಷ್ ಪಾದ್ರಿಗಳ ಉಡುಪು ಕಂಡು ಮರುಳಾಗಿ, ತನಗೂ ಬೇಕೆಂದು ಅಲ್ಲಿನ ಮಠಗಳಿಗೆ ಪತ್ರ ಬರೆದನೆಂದು ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್ ದಾಖಲಿಸಿದ್ದಾನೆ. ಪೋಪನಿಗೂ ಆಸೆ ಹುಟ್ಟಿಸಿದ ಕೈಕೆಲಸ! ನಮ್ಮ ಯಂತ್ರದ ಕಸೂತಿಗೆ ಹಿಂದುಗಡೆ ಬಕ್ರಮ್ ಎಂಬ ಗಟ್ಟಿ ಬಟ್ಟೆ ಅಂಟಿಸಿರುತ್ತಾರೆ. ಗುರುಗಳು ಕೈಯೆತ್ತಿದರೂ ಎದೆಯ ಮೇಲಿನ ಗೋಧಿತೆನೆ ಸೆಟೆದೇ ನಿಂತಿರುತ್ತದೆ.

ಎಲೆಯನ್ನು ಬೇರೆಯೇ ಬಗೆಯಲ್ಲಿ ಕಂಡವನು ಚಿತ್ರಕಾರ ಮಾತೀಸ್. ದಕ್ಷಿಣ ಫ್ರಾನ್ಸಿನ ವಾಂಸ್ ಊರಿನ ಪ್ರಾರ್ಥನಾ ಮಂದಿರ 1951ರಲ್ಲಿ ಪ್ರತಿಷ್ಠೆಯಾಯಿತು. ಅದರ ಗಾಜಿನ ಕಿಟಕಿಗಳಿಗೆ ಪಾಪಾಸುಕಳ್ಳಿಯ ಎಲೆ ತಂದವನು, ಪಾದ್ರಿಗಳ ಉಡುಪಿನ ವಿನ್ಯಾಸಕ್ಕೂ ಬಣ್ಣದ ಕಾಗದವನ್ನೇ ಕತ್ತರಿಸಿದ. ನರ ಇಲ್ಲ, ನೆರಳಿಲ್ಲ, ಬರೀ ಅಂಚು. ಇದು ಮಕ್ಕಳಾಟ ಎನ್ನುವವರು ದ್ರಾಕ್ಷಿಗೊಂಚಲಿಗೇ ಲಾಯಕ್ಕು.



ಹೊಲಿಯುವವರಿಗೊಂದು ಮಾತು: ಫೋನಿನ ಚಿತ್ರ ನೋಡಿ ಎಲೆ ಬರೆಯಬೇಡಿ. ಒಂದು ಟೊಂಗೆ ತಂದು ತೂಗುಹಾಕಿ, ತನ್ನ ಭಾರಕ್ಕೆ ಅದು ಎಲ್ಲಿ ಬಾಗುತ್ತದೆ ನೋಡಿ. ಹೆಗಲಿಂದ ಇಳಿಯುವ ನೆರಿಗೆಯ ಗುಂಟ ಆ ಬಾಗನ್ನು ಕೂರಿಸಿ.

ನೋಡುವವರು ಮುಂದಿನ ಭಾನುವಾರ ಬದಿಯ ಸಾಲಿನಲ್ಲಿ ಕೂತು, ಗುರುಗಳು ಕೈಯೆತ್ತುವುದನ್ನು ಗಮನಿಸಿ. ಎಲೆ ಬಾಗದಿದ್ದರೆ, ಉಡುಪು ಮಾಡಿಸುವವರಿಗೆ ನೇರವಾಗಿ ಹೇಳಿ: ಇದೇ ದುಡ್ಡಿಗೆ ಕಸೂತಿಯಿಲ್ಲದ ಒಳ್ಳೆಯ ಸಾದಾ ಬಟ್ಟೆ ತನ್ನಿ.